ಮೀನಮೇಷ ಎಣಿಸುವ ಯಂತ್ರಗಳು

ಅಕ್ಕ ಕೆಲಸ ಮಾಡುವುದು ಗ್ರಂಥಾಲಯದ ಕಂಪ್ಯೂಟರ್ ಕೋಣೆಯಲ್ಲಿ. ಅಲ್ಲಿನ ಯಂತ್ರಗಳಿಗೆ ಹಾರ್ಡ್ ಡಿಸ್ಕ್ ಇಲ್ಲ. ಗುಂಡಿ ಒತ್ತಿದರೆ ಮೂಲೆಯ ಸರ್ವರ್‌ನಿಂದ ಕೇಬಲ್ ಮೂಲಕ ಎಲ್ಲವನ್ನೂ ಎಳೆದುಕೊಂಡು ಎದ್ದು ಕೂರುತ್ತವೆ. ಕೆಲವು ತಿಂಗಳಿಂದ ಅವು ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದವು. ಯಾಕೆ ನಿಂತೆ ಎಂದು ಗುರುತು ಹಾಕಿಕೊಳ್ಳಲು ಅವಕ್ಕೆ ಸ್ವಂತ ಜಾಗವಿಲ್ಲ. ಮತ್ತೆ ಆನ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ.

ಸೋಮವಾರ ಅಲ್ಲಿ ನೇಮಕಾತಿ ಪರೀಕ್ಷೆ. ಅವತ್ತು ಒಂದು ಯಂತ್ರ ನಿಂತರೂ ಕೋಣೆಯನ್ನು ಹೊರಗಿನ ಕಂಪನಿಗೆ ಒಪ್ಪಿಸುವುದಾಗಿ ಮೇಲಧಿಕಾರಿ ಹೇಳಿದ್ದರು. ಅಂದರೆ ಅಕ್ಕನ ಕೆಲಸ ಹೋದಂತೆ. ಅವಳು ಅದನ್ನು ನನಗೆ ತಿಳಿಸಿದ್ದು ಬಟ್ಟೆ ಮಡಚುತ್ತಾ, ನಾಳೆ ನಲ್ಲಿಯಲ್ಲಿ ನೀರು ಬರಲ್ವಂತೆ ಎನ್ನುವ ದನಿಯಲ್ಲಿ. ತಿಂಗಳುಗಟ್ಟಲೆ ಎಲ್ಲರಿಂದ ಬೈಸಿಕೊಂಡು ಬೈಗುಳ ಅವಳಿಗೆ ಕಿವಿಗೇ ಬೀಳದ ಫ್ಯಾನಿನ ಸದ್ದಾಗಿತ್ತು.

ಶುಕ್ರವಾರ ಅವಳು ಮರೆತುಹೋಗಿದ್ದ ಊಟದ ಡಬ್ಬಿ ಕೊಡಲು ನನ್ನ ಮಗುವನ್ನು ಎತ್ತಿಕೊಂಡು ಹೋದೆ.

"ಹೋಯ್ತು!" ಎಂದು ಕಿಟಕಿ ಪಕ್ಕದ ಹುಡುಗಿ ಕೂಗಿದಳು. ಅಲ್ಲಿ ಕರೆಂಟು ಹೋದರೂ ಹೋಯ್ತು, ನೆಟ್ ಹೋದರೂ ಹೋಯ್ತು, ಯಂತ್ರ ನಿಂತರೂ ಹೋಯ್ತು. ಅಲ್ಲಿನ ಜವಾನ, ಎಲ್ಲರ ಬಾಯಲ್ಲಿ ಆನ್ ಮಾವ, ಅಕ್ಕ ಏಳುವ ಮೊದಲೇ ಓಡಿದ. ಉಪಕಾರದ ಆತುರದಲ್ಲಿ ಗುಂಡಿ ಒತ್ತಿ, ಇದ್ದ ಸುಳಿವನ್ನೂ ಅಳಿಸುವುದು ಅವನ ರೂಢಿ.

"ಮಾವ, ಕೈ ತೆಗೀರಿ!" ಎಂದಳು ಅಕ್ಕ.

"ಒತ್ತಿದ್ರೆ ಸರಿಹೋಗುತ್ತಮ್ಮ."

"ಅದೇ ತೊಂದರೆ. ಸರಿಹೋದ್ರೆ ನಂಗೇನೂ ಗೊತ್ತಾಗಲ್ಲ."

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅಜ್ಜಿ ಬಗ್ಗಿ ನೋಡಿದರು. "ಎಲ್ಲಿ ಹೋಯ್ತು? ಬಾಣ ಓಡಾಡ್ತಿದೆಯಲ್ಲೇ. ಕೆಲಸ ಒಂದು ಮಾಡ್ತಿಲ್ಲ. ನಮ್ಮನೆಯವರ ಹಾಗೆ ಮೀನಮೇಷ ಎಣಿಸ್ತಿದೆ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಮೌಸ್ ಅಲುಗಿಸಿದಳು, ಬಾಣ ನಿಜಕ್ಕೂ ಓಡಾಡಿತು. "ಹಾಗಾದ್ರೆ ಸತ್ತಿಲ್ಲ. ಯಾವುದಕ್ಕೋ ಕಾಯ್ತಿದೆ," ಎಂದಳು.

ಆ ಹುಡುಗಿ ಕಂಪ್ಯೂಟರ್ ಪರದೆಯ ತುಂಬ ಬ್ರೌಸರ್ ಕಿಟಕಿ ತೆರೆದಿಟ್ಟಿದ್ದಳು. ಅಕ್ಕ ಇನ್ನೊಂದು ಯಂತ್ರದಲ್ಲಿ ಬೇಕೆಂದೇ ಅಷ್ಟೇ ಕಿಟಕಿ ತೆರೆದಳು. ಅದೂ ನಿಂತಿತು. ಆಗ ಅವಳಿಗೆ ಕಾರಣ ಹೊಳೆಯಿತು. ಮೆಮೊರಿ ತುಂಬಿದಾಗ ಹಿಡಿಸಲಾರದ್ದನ್ನು ಯಂತ್ರ ಕೇಬಲ್ ಮೂಲಕ ಸರ್ವರ್‌ಗೆ ಸಾಗಿಸುತ್ತಿತ್ತು. ಸಾಗಿಸುವುದಕ್ಕೂ ಚೂರು ಮೆಮೊರಿ ಬೇಕು. ಅದೇ ಇಲ್ಲ.

"ಕೈತುಂಬ ಸಾಮಾನು," ಎಂದು ನನಗೆ ವಿವರಿಸಿದಳು. "ಇಳಿಸೋಕೆ ಬಾಗಿಲು ತೆಗೀಬೇಕು. ತೆಗೆಯೋಕೆ ಕೈ ಖಾಲಿ ಇಲ್ಲ."

"ಮಗು ಕಂಕುಳಲ್ಲಿದ್ರೆ ನಂದೂ ಅದೇ ಪಾಡು ಕಣೇ."

ಅವಳು ಆ ಸಾಗಾಣಿಕೆಯನ್ನೇ ನಿಲ್ಲಿಸಿದಳು. ಇನ್ನು ಜಾಗ ಸಾಲದಿದ್ದರೆ ಒಂದು ಕಿಟಕಿ ಮುಚ್ಚಿಕೊಳ್ಳುತ್ತದೆ, ಯಂತ್ರ ನಿಲ್ಲುವುದಿಲ್ಲ. ಶನಿವಾರವಿಡೀ ಅವುಗಳಿಗೆ ಹೊಟ್ಟೆ ಬಿರಿಯುವಷ್ಟು ತುಂಬಿಸಿ ಪರೀಕ್ಷಿಸಿದಳು.

ಸೋಮವಾರ ಪರೀಕ್ಷೆ ಮುಗಿಯುವವರೆಗೂ ಒಬ್ಬರೂ "ಹೋಯ್ತು" ಎನ್ನಲಿಲ್ಲ. ಮೇಲಧಿಕಾರಿ ಬಾಗಿಲಲ್ಲೇ ನಿಂತು, "ಸರಿ, ಮುಂದುವರಿಸಿ," ಎಂದು ಹೊರಟುಹೋದರಂತೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಾ ಅಕ್ಕ ಅಷ್ಟೇ ಹೇಳಿದಳು.

"ಕೆಲಸ ಉಳೀತಲ್ಲ, ಖುಷಿ ಆಗ್ಲಿಲ್ವಾ?"

"ಆಗಬೇಕು. ಕೊಡು ಮಗೂನ."

ಮಗುವಿಗೆ ಈಗ ಕೆಳಗಿನ ಹಲ್ಲು ಬಂದಿದೆ. ತೊಡೆಯೇರಿದ್ದೇ ಅವಳ ಬೆರಳನ್ನು ಬಾಯಿಗಿಟ್ಟು ಕಚ್ಚಿತು. ಅವಳು ಕೈ ಎಳೆದುಕೊಳ್ಳಲಿಲ್ಲ.

"ಅಕ್ಕಾ, ನೋಯಲ್ವೇನೇ?"

ಬೆರಳನ್ನು ಸ್ವಲ್ಪ ಹೊತ್ತು ನೋಡಿದಳು. "ನೋಯ್ತಿದೆ ಅನ್ಸುತ್ತೆ," ಎಂದಳು.