ಅಣ್ಣನಿಗೆ ಓಟದ ವಾಚು ಆರಿಸಿದ್ದು

ನನ್ನ ಅಣ್ಣ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ. ಆದರೆ ಬಡಾವಣೆಯವರೆಲ್ಲ ಅವನನ್ನು ಗುರುತಿಸುತ್ತಿದ್ದುದು ಓಟದಿಂದ. ಪಾಳಿ ಯಾವುದೇ ಇರಲಿ, ದಿನಕ್ಕೊಮ್ಮೆ ಭದ್ರಾ ನಾಲೆಯ ಏರಿಯ ಮೇಲೆ ಓಡಿ ಬರದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೂ ಓಟ ನಿಲ್ಲಲಿಲ್ಲ. ಐವತ್ತನಾಲ್ಕನೇ ವಯಸ್ಸಿನಲ್ಲಿ ಅವನಿಗೆ ದಾರಿ ಮರೆಯತೊಡಗಿತು.

ಮೊದಲ ಸಲ, ಏಳಕ್ಕೆ ಬರಬೇಕಾದವನು ಹತ್ತೂವರೆಗೆ ಬಂದು "ಇವತ್ತು ಸ್ವಲ್ಪ ದೂರ ಹೋಗ್ಬಿಟ್ಟೆ" ಅಂದನಂತೆ. ಅತ್ತಿಗೆ ನಂಬಿದರು. ಮೂರನೇ ಸಲಕ್ಕೆ ಅವರು ಅವನ ಚಡ್ಡಿಯ ಜೇಬಿನಲ್ಲಿ ತಮ್ಮ ಮನೆಯ ಮತ್ತು ನಮ್ಮ ಮನೆಯ ಫೋನ್ ನಂಬರಿನ ಚೀಟಿ ಇಟ್ಟು ಪಿನ್ನು ಚುಚ್ಚಿದರು.

ನಾನಾಗ ಶಿವಮೊಗ್ಗದ ಗೋಪಾಳದಲ್ಲಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ನಮ್ಮ ಮನೆಗೆ ಬಂದಿದ್ದ ಅಣ್ಣ ಒಂದು ಭಾನುವಾರ ಬೆಳಿಗ್ಗೆ ಓಡಲು ಹೋದವನು ಪತ್ತೆಯಿಲ್ಲ. ಮಧ್ಯಾಹ್ನ ಊರಿಂದ ಬಹಳ ದೂರದ ಹೊಳಲೂರಿನಿಂದ ಫೋನ್ ಬಂತು. ಅಲ್ಲಿನ ಟೀ ಅಂಗಡಿಯವರು ಚೀಟಿ ನೋಡಿ ಮಾಡಿದ್ದರು. ಆಟೊ ಹಿಡಿದು ಹೋದೆ. ಅಣ್ಣ ಬೆಂಚಿನ ಮೇಲೆ ಕೂತಿದ್ದ.

"ನೀನ್ಯಾಕೆ ಬರೋಕೆ ಹೋದೆ ಮಾರಾಯ್ತಿ? ನಾನೇ ಬರ್ತಿದ್ನಲ್ಲ" ಅಂದ. ಏಳಲು ಹೋಗಿ ಮತ್ತೆ ಬೆಂಚಿನ ಮೇಲೆಯೇ ಕೂತ.

ಡಾಕ್ಟರು ಇದು ಮೆದುಳಿನ ಕಾಯಿಲೆ, ನಿಧಾನವಾಗಿ ಹೆಚ್ಚುತ್ತದೆ ಅಂದರು. ಓಡುವುದು ಒಳ್ಳೆಯದೇ, ಒಬ್ಬರನ್ನೇ ಬಿಡಬೇಡಿ ಅಂದರು. ಅವನ ಜೊತೆ ಓಡಬಲ್ಲವರು ನಮ್ಮಲ್ಲಿ ಯಾರಿದ್ದರು?

ಚಾರಣದ ಹುಚ್ಚಿದ್ದ ಸಹೋದ್ಯೋಗಿಯೊಬ್ಬರು, ಉಪಗ್ರಹದ ನೆರವಿನಿಂದ ಜಾಗ ಗುರುತಿಸುವ ಜಿಪಿಎಸ್ ವಾಚು ಬಂದಿದೆ ಎಂದು ತಿಳಿಸಿದರು. ಆಗಿನ್ನೂ ನಮ್ಮೂರಲ್ಲಿ ಅದನ್ನು ಕಂಡವರೇ ಕಡಿಮೆ. ಇನ್ನು ಚಿಂತೆಯಿಲ್ಲ ಅಂದುಕೊಂಡೆ. ದುರ್ಗಿಗುಡಿಯ ಆಟದ ಸಾಮಾನಿನ ಅಂಗಡಿಯವರು ಬೆಂಗಳೂರಿನಿಂದ ಎರಡು ಬಗೆಯವನ್ನು ತರಿಸಿದರು. ಆರಿಸಲು ಅಣ್ಣನನ್ನೂ ಕರೆದುಕೊಂಡು ಹೋದೆ.

ಅಂಗಡಿಯೊಳಗೆ ಕಾಲಿಟ್ಟದ್ದೇ ಅವನು ಮೊದಲಿನ ಅಣ್ಣನಾಗಿಬಿಟ್ಟ. ಒಂದೊಂದು ಸುತ್ತಿನ ಟೈಮು ಬೇರೆ ಬೇರೆ ಬರುತ್ತದೆಯೇ, ಬೆವರಿಗೆ ಕೆಡುತ್ತದೆಯೇ, ಚಾರ್ಜು ಎಷ್ಟು ಹೊತ್ತು ಇರುತ್ತದೆ, ಪಟ್ಟಿ ತುರಿಕೆ ಬರಿಸುತ್ತದೆಯೇ ಎಂದೆಲ್ಲ ಕೇಳಿದ. "ಇಷ್ಟು ತಿಳ್ಕೊಂಡು ಕೇಳೋ ಗಿರಾಕಿ ಸಿಗಲ್ಲ ಮೇಡಂ" ಎಂದು ಅಂಗಡಿಯವರು ಹಿಗ್ಗಿದರು.

ನನಗೆ ಬೇಕಿದ್ದ ಉತ್ತರ ಒಂದೇ. "ಇದನ್ನ ಹಾಕ್ಕೊಂಡವರು ಎಲ್ಲಿದಾರೆ ಅಂತ ಮನೇಲಿರೋರಿಗೆ ಗೊತ್ತಾಗುತ್ತಾ?"

"ಇಲ್ಲ ಮೇಡಂ. ಹಾಕ್ಕೊಂಡವರಿಗೆ ಗೊತ್ತಾಗುತ್ತೆ. ಹೊರಟ ಜಾಗದ ಕಡೆಗೆ ಬಾಣ ತೋರಿಸುತ್ತೆ, ನೋಡ್ಕೊಂಡು ವಾಪಸ್ ಬರಬಹುದು. ಮನೆಯವರಿಗೆ ಯಾಕೆ?"

ಅಣ್ಣ ವಾಚಿನಿಂದ ತಲೆಯೆತ್ತಿ ನನ್ನನ್ನು ನೋಡಿದ. ಆಮೇಲೆ ಅವರ ಕಡೆ ತಿರುಗಿ, "ನಂಗೆ ದಾರಿ ತಪ್ಪುತ್ತೆ ಕಣ್ರೀ. ಬಾಣ ದೊಡ್ಡದಿರೋದೇ ಕೊಡಿ" ಅಂದ.

ತನ್ನ ಕಾಯಿಲೆ ಅವನಿಗೆ ಗೊತ್ತಿದೆ ಎಂಬುದು ನನಗೆ ಅಂದೇ ತಿಳಿದದ್ದು. ಮರುದಿನ ವಾಚು ಕಟ್ಟಿಸಿ ಅವನನ್ನು ಭದ್ರಾವತಿಗೆ ಬಿಟ್ಟು ಬಂದೆ.

ದಿನಾ ಬೆಳಿಗ್ಗೆ ಅತ್ತಿಗೆ ಬಾಗಿಲಲ್ಲಿ ನಿಂತು, ವಾಚಿನಲ್ಲಿ ಮನೆಯನ್ನು ಗುರುತು ಹಾಕಿ ಬಾಣ ಬರಿಸಿ ಕಳಿಸುತ್ತಿದ್ದರು. ಕೆಲವು ವಾರ ಎಲ್ಲ ಸರಿಹೋಯಿತು. ಒಂದು ದಿನ ಹತ್ತು ಗಂಟೆಯಾದರೂ ಅವನು ಬರಲಿಲ್ಲ. ಸುದ್ದಿ ಕೇಳಿ ನಾನು ರಜೆ ಹಾಕಿ ಬಸ್ಸು ಹತ್ತಿದೆ. ಅತ್ತಿಗೆಯೂ ನಾನೂ ನಾಲೆಯ ಏರಿಯ ಮೇಲೆ ಹುಡುಕುತ್ತ ಹೋದೆವು. ಕಬ್ಬಿನ ಗದ್ದೆಯ ಪಕ್ಕದಲ್ಲಿ ಅವನು ಕುಕ್ಕರುಗಾಲಲ್ಲಿ ಕೂತಿದ್ದ. ಮಣಿಕಟ್ಟಿನಲ್ಲಿದ್ದ ಬಾಣ ಸರಿಯಾಗಿ ಮನೆಯ ಕಡೆಗೇ ಇತ್ತು.

"ತೋರಿಸ್ತಿದೆಯಲ್ಲೋ ಅಣ್ಣ, ಯಾಕೆ ಬರಲಿಲ್ಲ?"

"ಆಗಿಂದ ತೋರಿಸ್ತಾನೇ ಇದೆ. ಆ ಕಡೆ ಯಾರ ಮನೆ ಇರೋದು?"

ಅತ್ತಿಗೆ ಸೆರಗಿನಿಂದ ಅವನ ಕತ್ತು ಒರೆಸಿ, "ನಮ್ಮನೆ ಕಣ್ರೀ, ಏಳಿ" ಅಂದರು. ಅವನು ವಿಧೇಯನಾಗಿ ಎದ್ದ.

ಆಮೇಲೆ ಅತ್ತಿಗೆ ಕ್ಯಾನ್ವಾಸ್ ಶೂ ತಂದುಕೊಂಡರು. ಸೀರೆಯ ಕೆಳಗೆ ಅದನ್ನು ಹಾಕಿಕೊಂಡು ಹತ್ತಿರದ ಮೈದಾನದ ನಡುವೆ ನಿಲ್ಲುತ್ತಿದ್ದರು. ಅಣ್ಣ ಸುತ್ತ ಓಡುತ್ತಿದ್ದ. ಹೀಗೆ ಒಂದು ವರ್ಷ ನಡೆಯಿತು. ಒಂದು ಬೆಳಿಗ್ಗೆ ಅವನು ತಿರುವಿನಲ್ಲಿ ತಿರುಗದೆ ನೇರ ರಸ್ತೆಗೇ ಓಡಿದ. ಅತ್ತಿಗೆ ಕೂಗಿದರೂ ನಿಲ್ಲಲಿಲ್ಲ. ಲಾರಿಯವರೊಬ್ಬರು ಬ್ರೇಕು ಹಾಕಿದ್ದಕ್ಕೆ ಉಳಿದ.

ಅಂದು ಸಂಜೆ ನಾನೇ ಹೋಗಿ ಅವರ ಮನೆಯ ಗೇಟಿಗೆ ಬೀಗ ಹಾಕಿ, ರಾತ್ರಿ ಅಲ್ಲೇ ಉಳಿದೆ. ಮರುದಿನ ಐದೂವರೆಗೆ ಅಣ್ಣ ಶೂ ಕಟ್ಟಿಕೊಂಡು ಬಂದು ಗೇಟು ಅಲ್ಲಾಡಿಸಿದ.

"ಬೀಗ ಯಾರು ಹಾಕಿದ್ದು?"

ಅತ್ತಿಗೆ ನನ್ನ ಮುಖ ನೋಡಿದರು. "ನಾನೇ ಅಣ್ಣ" ಅಂದೆ.

ಅವನು ಬೈಯಲಿಲ್ಲ. ಆಮೇಲೆ ಅಂಗಳದಲ್ಲೇ ಓಡತೊಡಗಿದ. ಹತ್ತು ಹೆಜ್ಜೆಗೆ ಗೋಡೆ ಎದುರಾಗುತ್ತಿತ್ತು. ತಿರುಗಿ ಮತ್ತೆ ಓಡುತ್ತಿದ್ದ.