ನೀಲಿ ಬೆಳಕಿನ ಐದನೇ ಸಂಜೆ

ರೇವಮ್ಮ ದಂಡಿಗನಹಳ್ಳಿ ಹೋಬಳಿಯ ಒಂದು ಸಣ್ಣ ಊರಿನ ಶಾಲೆಯಲ್ಲಿ ಹದಿನೈದು ವರ್ಷದಿಂದ ಬಿಸಿಯೂಟ ಬೇಯಿಸುತ್ತಿದ್ದಾಳೆ. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ ಅದು. ತುಂಬಿದ ಅನ್ನದ ಪಾತ್ರೆಯನ್ನು ಒಬ್ಬಳೇ ಒಲೆಯಿಂದ ಇಳಿಸುತ್ತಾಳೆ. ಮಾತು ಕಡಿಮೆ, ಊರ ಜಗಳಕ್ಕೆ ಹೋದವಳಲ್ಲ. ಎರಡು ವರ್ಷದ ಹಿಂದಿನ ಕಾರ್ತಿಕದ ಆ ಸಂಜೆಯವರೆಗೆ ಯಾರ ಮೇಲೂ ಕೈ ಎತ್ತಿರಲಿಲ್ಲ.

ಆ ವಾರ ಆಕಾಶದಲ್ಲಿ ಬೆಳಕು ಕಾಣಿಸುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಕೆರೆ ಏರಿಯ ಆಚೆ, ತೆಂಗಿನ ತೋಟಗಳ ಮೇಲೆ, ಕೆಳಗಿಳಿದ ಮೋಡ ಇದ್ದಕ್ಕಿದ್ದಂತೆ ನೀಲಿಗಟ್ಟಿ, ಹಸಿರಾಗಿ, ಆರಿಹೋಗುತ್ತಿತ್ತು. ಗುಡುಗಿಲ್ಲ, ಬರೀ ಸೋನೆ. ಒಂದು ದಿನ ಮೋಡ ಬಿಟ್ಟಾಗ ಚುಕ್ಕೆಗಳು ಸಾಲುಗಟ್ಟಿ ಹೋದದ್ದನ್ನೂ ಜನ ಕಂಡರು.

ಹಾಲಿನ ಡೈರಿಯ ಮುಂದೆ ಅದೇ ಮಾತು. ಯಾರೋ ನಿಧಿ ಅಗೆಯುವವರ ಪೂಜೆ ಅಂದರು. ರೇವಮ್ಮನ ಮೈದುನ ನಂಜಯ್ಯ ಫೋನು ತೋರಿಸಿ, "ಡ್ರೋನ್ ಕಣ್ರಲಾ. ಮನೆಮನೆ ಫೋಟೋ ತಕ್ಕಂಡು ಓಯ್ತಾವ್ರೆ, ಆಮೇಲೆ ಬಂದು ದೋಚ್ತಾರೆ. ಅರಕಲಗೂಡು ಕಡೆ ಅಂಗೇ ಆಯ್ತಂತೆ" ಅಂದ.

"ಸಾಲಾಗಿ ಓಗಿದ್ದು ಉಪಗ್ರಹ, ಚಿಕ್ಕಪ್ಪ. ನಮ್ ಸಾರ್ ತೋರ್ಸವ್ರೆ" ಅಂದಳು ರೇವಮ್ಮನ ಮಗಳು ಮಾನ್ಯ, ಹತ್ತನೇ ಕ್ಲಾಸಿನವಳು.

ಲೈನ್‌ಮನ್ ಪಾಲಾಕ್ಷ ಮೋಡದ ನೀಲಿಗೆ ಬೇರೆ ಕಾರಣ ಹೇಳಿದ. "ಕಂಬದ ಮೇಲೆ ತಂತಿ ಕಟ್ಟೋ ಪಿಂಗಾಣಿ ಬಟ್ಲು ಎಲ್ಲೋ ಸೀಳಿರ್ಬೋದು. ತಂಡಿ ಇಡಿದ್ರೆ ಕಿಡಿ ಸಿಡೀತದೆ, ಆ ಬೆಳಕು ಮೋಡಕ್ಕೆ ಬೀಳ್ತದೆ. ನಾಳಿದ್ದು ಲೈನು ಆಫ್ ಮಾಡ್ಸಿ ನೋಡ್ತೀನಿ."

"ಅಂಗಾರೆ ಕರೆಂಟ್ ಓಗ್ಬೇಕಲ್ವಾ?" ಎಂದು ನಂಜಯ್ಯ ಕೇಳಿದ.

"ಎಲ್ಲಾ ಸತಿ ಓಗಲ್ಲ" ಎಂದ ಪಾಲಾಕ್ಷ. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಐದನೇ ಸಂಜೆ ಹನ್ನೆರಡು ಜನ ದೊಣ್ಣೆ ಹಿಡಿದು ಏರಿಯ ಮೇಲೆ ಕಾದರು. ಜಿನನಾಥಪುರದ ಪದ್ಮಕುಮಾರ್ ಹೊಳೆನರಸೀಪುರದಿಂದ ಸ್ಕೂಟರಿನಲ್ಲಿ ವಾಪಸ್ಸಾಗುತ್ತಿದ್ದವನು ಅಲ್ಲೇ ಮೂತ್ರಕ್ಕೆಂದು ನಿಲ್ಲಿಸಿದ. ಬೆಳಗೊಳದ ಬೆಟ್ಟದ ಕೆಳಗೆ ಯಾತ್ರಿಕರ ಮಕ್ಕಳಿಗೆ ಆಟಿಕೆ ಮಾರುವವನು. ಅವನ ಚೀಲ ಕೊಡವಿದಾಗ ರಬ್ಬರಿನಿಂದ ಮೇಲಕ್ಕೆ ಚಿಮ್ಮಿಸುವ, ಮಿನುಗುವ ದೀಪದ ಆಟಿಕೆಗಳು ಬಿದ್ದವು. ನೀಲಿ ದೀಪ, ಹಸಿರು ದೀಪ. ಅಷ್ಟೇ ಸಾಕಾಯಿತು.

ಅವನನ್ನು ಶಾಲೆಯ ಎದುರಿನ ತೆಂಗಿನ ಮರದವರೆಗೆ ಎಳೆದು ತಂದು ದನದ ಹಗ್ಗದಲ್ಲಿ ಕಟ್ಟಿದರು. ಮೊದಲ ಪೆಟ್ಟಿಗೆ ಹಲ್ಲು ಉದುರಿತು. "ಆಟದ ಸಾಮಾನು ಅಣ್ಣ, ಮಕ್ಳಾಡೋದು" ಅಂದ. ಇನ್ನೊಂದು ಪೆಟ್ಟು ಎಡಗಣ್ಣಿಗೆ ಬಿತ್ತು. ಆಗಲೇ ತೋಟದ ಮೇಲೆ ಮೋಡ ನೀಲಿಗಟ್ಟಿತು, ಎರಡು ಸಲ. ಎಲ್ಲರೂ ತಲೆ ಎತ್ತಿದರು. ಕಟ್ಟಿಹಾಕಿದವನು ಇಲ್ಲೇ ಇದ್ದಾನಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ. "ಇವನ ಕಡೆಯೋನು ಸಿಗ್ನಲ್ ಕೊಡ್ತಾವ್ನೆ" ಅಂದ ನಂಜಯ್ಯ. ಮಚ್ಚಿನ ಹಿಂಬದಿಯಿಂದ ಪದ್ಮಕುಮಾರನ ಮಂಡಿಗೆ ಹೊಡೆದು, "ಎಲ್ಲವ್ನೆ ಯೇಳು" ಎಂದು ಕೇಳಿದ. ಮತ್ತೆ ಅದೇ ಮಂಡಿಗೆ ಹೊಡೆದ.

ರೇಷನ್ ಮೂಟೆ ತಡವಾಗಿ ಬಂದಿದ್ದರಿಂದ ರೇವಮ್ಮ ಇನ್ನೂ ಅಡುಗೆಕೋಣೆಯಲ್ಲಿದ್ದಳು. ತೆಂಗಿನ ಒಣ ಮಟ್ಟೆ ಬಡಿಯುವಂಥ ಸದ್ದು, ಅದರ ಹಿಂದೆಯೇ ಗಂಡಸೊಬ್ಬನ ಕೂಗು. ಅನ್ನ ತಿರುವುವ ಉದ್ದನೆಯ ಕಬ್ಬಿಣದ ಸಟ್ಟುಗ ಕೈಯಲ್ಲಿದ್ದ ಹಾಗೇ ಹೊರಗೆ ಬಂದಳು.

"ಬಿಡ್ಲಾ ನಂಜ. ಸತ್ತೋಯ್ತಾನೆ."

"ಅತ್ತಿಗೆ, ನೀವು ಒಳೀಕೆ ಓಗಿ" ಎಂದು ನಂಜಯ್ಯ ಮಚ್ಚನ್ನು ಮತ್ತೆ ಎತ್ತಿದ. ಈ ಸಲ ಅಲಗು ಕೆಳಗಿತ್ತು.

ಅವಳು ಅವನ ಮಣಿಕಟ್ಟಿಗೆ ಹೊಡೆದಳು. ಮೂಳೆ ಮುರಿದದ್ದು ಎಲ್ಲರಿಗೂ ಕೇಳಿಸಿತು. ಹಿಂದಿನಿಂದ ಯಾರೋ ಅವಳ ಬೆನ್ನಿಗೆ ದೊಣ್ಣೆ ಬೀಸಿದ. ತಿರುಗಿ ಅವನ ಹೆಗಲಿಗೂ ಬಾರಿಸಿದಳು. ಆಮೇಲೆ ಮರಕ್ಕೆ ಕಟ್ಟಿದವನ ಮೈಗೆ ಅಡ್ಡ ನಿಂತಳು. ಅವನ ರಕ್ತ ಅವಳ ಸೆರಗಿಗೆ ಇಳಿಯುತ್ತಿತ್ತು. ಇನ್ನೂ ಎರಡು ಪೆಟ್ಟು ಬಿದ್ದವು, ಒಂದಕ್ಕೆ ಪಕ್ಕೆಲುಬು ಬಿರಿಯಿತು. ಮಾನ್ಯ ಫೋನು ಮಾಡಿ ಕರೆಸಿದ್ದ ಪೊಲೀಸ್ ಜೀಪು ಬರುವವರೆಗೆ ರೇವಮ್ಮ ಸಟ್ಟುಗ ಇಳಿಸಲಿಲ್ಲ.

ಮಾರನೇ ಬೆಳಿಗ್ಗೆ ಪಾಲಾಕ್ಷ ಲೈನು ನಿಲ್ಲಿಸಿ, ಏರಿಯಾಚೆಯ ಮೂರನೇ ಕಂಬ ಹತ್ತಿ, ಸೀಳಿ ಕಪ್ಪಾದ ಪಿಂಗಾಣಿ ಬಟ್ಟಲನ್ನು ಬಿಚ್ಚಿ ತಂದು ಡೈರಿಯ ಕಟ್ಟೆಯ ಮೇಲಿಟ್ಟ. "ನಿನ್ನೇನೇ ಕಂಬ ಅತ್ತಿದ್ರೆ" ಎಂದಷ್ಟೇ ಅಂದು ಕೂತುಬಿಟ್ಟ. ಹೊಸದು ಹಾಕಿದ ಮೇಲೆ ಏರಿಯ ಕಡೆ ಬೆಳಕು ಕಾಣಲಿಲ್ಲ. ಬೆಳಕು ಶುರುವಾದ ಎರಡನೇ ಸಂಜೆ ಹೊಳೆನರಸೀಪುರದ ದಿಕ್ಕಿನಲ್ಲಿ ಕಂಡ ಒಂದು ಕೆಂಪು ಮಿಂಚಿನ ವಿಷಯ ಕೇಳಿದರೆ ಮಾತ್ರ ಅವನು, ಅದು ನನಗೆ ಗೊತ್ತಿಲ್ಲ ಎಂದೇ ಹೇಳುತ್ತಾನೆ.

ಹಾಸನದ ಆಸ್ಪತ್ರೆಯಲ್ಲಿ ಪದ್ಮಕುಮಾರ್ ಬದುಕಿಕೊಂಡ. ಎಡಗಣ್ಣು ಹೋಯಿತು, ಕಾಲು ಮಡಚಲು ಬರುವುದಿಲ್ಲ. ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸರಿಗೆ ರೇವಮ್ಮ ತಾನು ಮುಖ ಕಂಡ ಏಳು ಜನರ ಹೆಸರು ಹೇಳಿದಳು. ಮೊದಲ ಹೆಸರು ಮೈದುನನದು. "ನಾನೂ ಇಬ್ರಿಗೆ ವಡ್ದಿವ್ನಿ ಸಾ. ಅದ್ನೂ ಬರ್ಕಳಿ" ಅಂದಳು.

ನಂಜಯ್ಯನ ಹೆಂಡತಿ ನೀಲಾಂಬಿಕೆ ಬಂದು ಕಾಲು ಹಿಡಿದಳು. "ಅಕ್ಕ, ಅವನ್ಯಾರೋ. ನಾವು ನಿಮ್ಮೋರಲ್ವಾ?"

"ನಮ್ಮೋನು ಅಂತಲೇ ಕೈಗೆ ವಡ್ದೆ ಕಣವ್ವ. ಬೇರೆಯೋನಾಗಿದ್ರೆ ತಲೆಗೇ ವಡೀತಿದ್ದೆ."

ಆ ವಾರವೇ ಅವಳ ಹುಲ್ಲಿನ ಬಣವೆಗೆ ಯಾರೋ ಬೆಂಕಿಯಿಟ್ಟರು. ಹಂಚಿನ ಮೇಲೆ ಕಲ್ಲು ಬಿದ್ದವು. ಅರ್ಧದಷ್ಟು ಮಕ್ಕಳು ಹತ್ತು ದಿನ ಅವಳ ಅಡುಗೆ ಉಣ್ಣದೆ ಮನೆಗೆ ಹೋದರು, ಆಮೇಲೆ ಒಬ್ಬೊಬ್ಬರಾಗಿ ತಟ್ಟೆ ಹಿಡಿದು ಬಂದರು. ಚನ್ನರಾಯಪಟ್ಟಣದ ಕೋರ್ಟಿನಲ್ಲಿ ಉಳಿದ ಸಾಕ್ಷಿಗಳು, ಕತ್ತಲಾಗಿತ್ತು, ಯಾರೆಂದು ಕಾಣಲಿಲ್ಲ ಅಂದರು. ಪಾಲಾಕ್ಷ ಪಿಂಗಾಣಿಯ ವಿಷಯ ಹೇಳಿದ. ರೇವಮ್ಮ ಒಬ್ಬೊಬ್ಬರನ್ನೂ ಬೆರಳು ಮಾಡಿ ತೋರಿಸಿದಳು. ನಂಜಯ್ಯನಿಗೂ ಇನ್ನಿಬ್ಬರಿಗೂ ಶಿಕ್ಷೆಯಾಯಿತು. ಅವನ ಮಣಿಕಟ್ಟು ಇವತ್ತಿಗೂ ಸೊಟ್ಟಗಿದೆ.

"ಆ ಮೂಳೆ ಸದ್ದು ಈಗ್ಲೂ ಕೇಳ್ತದೆ. ಸೌದೆ ಮುರಿಯಾಕೂ ಬೇರೆಯೋರ್ಗೆ ಯೇಳ್ತೀನಿ" ಎಂದು ಅವಳು ಮಾನ್ಯಳ ಹತ್ತಿರ ಹೇಳಿಕೊಂಡಳು. ಹೊಡೆದದ್ದು ತಪ್ಪು ಅನ್ನಿಸಿತೇ ಎಂದು ಮಗಳು ಕೇಳಿದಳು. ರೇವಮ್ಮ ಇಲ್ಲ ಅಂದಳು.