ಠಾಣೆಯಲ್ಲಿ ಕೇಳಿದ ಹಸಿರು ರವಿಕೆ

ಮಣಿಪಾಲದ ಈ ಬಾಡಿಗೆ ಕೋಣೆಯಲ್ಲಿ ನಿನ್ನೆ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ಒಂದು ಹಸಿರು ರವಿಕೆ ಕೈಗೆ ಬಂತು. ತೊಟ್ಟು ನೋಡಿದೆ, ಹುಕ್ಕು ಕೂಡಲಿಲ್ಲ. ಪಾಠ ಹೇಳುವ ಕೆಲಸ ಸಿಕ್ಕ ಮೇಲೆ ಜ್ಞಾನ ಹೆಚ್ಚಿತೋ ಇಲ್ಲವೋ, ಮೈಯಂತೂ ತುಂಬಿದೆ. ಹಳೆಬಟ್ಟೆಗೆ ಹಾಕೋಣ ಎಂದುಕೊಂಡೆ. ಆಗಲಿಲ್ಲ.

ಅದನ್ನು ಹೊಲಿದವರು ಕಾಪು ಪೇಟೆಯ ಹಸನಬ್ಬ. ಅಳತೆಗೆ ಹಳೆಯ ರವಿಕೆಯೊಂದನ್ನು ಕೊಟ್ಟರೆ ಸಾಕು, ತಲೆಯೆತ್ತಿ ನೋಡುತ್ತಲೂ ಇರಲಿಲ್ಲ. ಮಾತು ಕಡಿಮೆಯಾದ ನನ್ನಂಥವಳಿಗೆ ಅದಕ್ಕಿಂತ ಒಳ್ಳೆಯ ದರ್ಜಿ ಎಲ್ಲಿ ಸಿಗಬೇಕು?

ತುರ್ತು ಪರಿಸ್ಥಿತಿಯ ದಿನಗಳು ನಿಮಗೂ ನೆನಪಿರಬಹುದು. ನಾನಾಗ ಕಾಪುವಿನ ನಮ್ಮ ಮನೆಯಿಂದ ಉಡುಪಿಗೆ ಹೋಗಿ ಬಿ.ಎ. ಓದುತ್ತಿದ್ದೆ. ಮೂಲಭೂತ ಹಕ್ಕುಗಳ ಪಾಠ ಬಂದಾಗ ನಮ್ಮ ಅಧ್ಯಾಪಕರ ದನಿ ತಗ್ಗುತ್ತಿತ್ತು. ಹಸನಬ್ಬರಿದ್ದ ಬ್ಯಾರಿ ಮುಸ್ಲಿಮರ ಓಣಿಯ ಭಯ ಬೇರೆಯೇ. ಅವರದೊಂದು ಧಾರ್ಮಿಕ ಸಂಘಟನೆಯನ್ನು ಸರಕಾರ ನಿಷೇಧಿಸಿತ್ತು. ಜೀಪಿನ ಸದ್ದಾದರೆ ಮಸೀದಿಯಿಂದ ಬರುವ ಗಂಡಸರು ಹಿತ್ತಿಲಿಗಿಳಿಯುತ್ತಿದ್ದರು. ಹಸನಬ್ಬ ಯಾವತ್ತೋ ಅದರ ಒಂದು ಸಭೆಗೆ ಹೋಗಿದ್ದರೆಂದು ಪೊಲೀಸರು ಒಂದು ಬೆಳಿಗ್ಗೆ ಅವರನ್ನು ಕರೆದೊಯ್ದರು. ಮರುದಿನ ಜೈಲಿಗೆ ಸಾಗಿಸುತ್ತಾರೆಂದು ಸುದ್ದಿ. ಅಲ್ಲಿಗೆ ಹೋದವರು ಯಾವಾಗ ಬರುತ್ತಾರೆಂದು ಯಾರನ್ನೂ ಕೇಳುವ ಹಾಗಿರಲಿಲ್ಲ.

ನೆರೆಮನೆಯ ಸಿಸಿಲಿಯಾ ಬಾಯಿ ಅಂಗಳಕ್ಕೆ ಬಂದು ಅಮ್ಮನಿಗೆ ಹೇಳಿದರು: "ಅವರನ್ನು ಬಿಡಿ ಅಂತ ಕೇಳಿದರೆ ನಮ್ಮನ್ನೂ ಒಳಗೆ ಹಾಕ್ತಾರೆ. ನಮ್ಮ ರವಿಕೆ ಕೊಡಿ ಅಂತ ಕೇಳಬಹುದಲ್ಲ? ಅದಕ್ಕೆಂತ ಕಾನೂನು ಉಂಟು?"

ಮಧ್ಯಾಹ್ನದ ಹೊತ್ತಿಗೆ ಠಾಣೆಯ ಮೆಟ್ಟಿಲಿನಿಂದ ಗೇಟಿನವರೆಗೆ ಹೆಂಗಸರು. ಗೇಟಿನಾಚೆ ಹಸನಬ್ಬರ ಹೆಂಡತಿ ಮಗುವನ್ನೆತ್ತಿಕೊಂಡು ನಿಂತಿದ್ದರು.

"ಗುಂಪು ಸೇರಬಾರದು ಅಂತ ಗೊತ್ತಿಲ್ವಾ?" ಎಸ್‌ಐ ಗದರಿದರು.

"ಗುಂಪಲ್ಲ ಸಾರ್, ಕ್ಯೂ," ಎಂದರು ಸಿಸಿಲಿಯಾ ಬಾಯಿ. "ನಾಡಿದ್ದು ಮಗಳ ಮದುವೆ. ರವಿಕೆ ಕತ್ತರಿಸಿ ಇಟ್ಟಿದ್ದಾರೆ, ತೋಳು ಕೂಡಿಸಿಲ್ಲ. ನೀವು ಹೊಲಿದು ಕೊಡ್ತೀರಾ?"

"ಬೇರೆ ದರ್ಜಿ ಇಲ್ವಾ?"

"ಕತ್ತರಿಸಿದವರೇ ಹೊಲಿಯಬೇಕು ಸಾರ್," ಎಂದಳು ಅಮ್ಮ. "ನಿಮ್ಮ ಮನೆಯವರನ್ನೇ ಕೇಳಿ ನೋಡಿ. ಅವರದ್ದೂ ಒಂದು ಉಂಟಲ್ಲ ಹಸನಬ್ಬರ ಅಂಗಡಿಯಲ್ಲಿ."

ಪಕ್ಕದಲ್ಲಿದ್ದ ಪೇದೆ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದ.

ನನ್ನ ಸರದಿ ಬಂತು. ನಾನು ಬಟ್ಟೆ ಕೊಟ್ಟೇ ಇರಲಿಲ್ಲ. "ನನ್ನದು ಹಸಿರು," ಎಂದೆ. ಮೂಲಭೂತ ಹಕ್ಕುಗಳ ಪರವಾಗಿ ನಾನು ಮಾಡಿದ ಭಾಷಣ ಅದೊಂದೇ.

ಸಂಜೆ ಹಸನಬ್ಬರನ್ನು ಗದರಿಸಿ ಮನೆಗೆ ಕಳಿಸಿದರು. ಎಲ್ಲರಿಗೂ ಆ ಅದೃಷ್ಟವಿರಲಿಲ್ಲ. ಅದೇ ಓಣಿಯ ಇಬ್ಬರು ಚುನಾವಣೆ ಬರುವವರೆಗೂ ಜೈಲಿನಲ್ಲೇ ಇದ್ದರು.

ಕೆಲವು ದಿನ ಕಳೆದು ಹಸನಬ್ಬ ಬಂದು ನಮ್ಮ ಜಗಲಿಯ ಮೇಲೆ ಒಂದು ಪೊಟ್ಟಣ ಇಟ್ಟರು. ಬಿಡಿಸಿದರೆ ಹಸಿರು ರವಿಕೆ.

"ಎಂತ ಇದು? ನಾನು ಬಟ್ಟೆ ಕೊಟ್ಟಿರಲಿಲ್ಲವಲ್ಲ!"

ತಲೆಯೆತ್ತದೆಯೇ ಹೇಳಿದರು: "ಹಸಿರು ಅಂದ್ರಂತಲ್ಲ ಮಗಳೇ. ಪೊಲೀಸರ ಹತ್ತಿರ ಹೇಳಿದ್ದು ಸುಳ್ಳಾಗಬಾರದು, ಅಲ್ವಾ?"

ಇಂದು ಕಿಟಕಿಯ ಬೆಳಕಿನಲ್ಲಿ ಅದರ ಒಳಮೈ ತಿರುಗಿಸಿ ನೋಡಿದೆ. ಎರಡೂ ಬದಿಗೆ ಬಟ್ಟೆಯನ್ನು ಧಾರಾಳವಾಗಿ ಒಳಗೆ ಮಡಚಿ ಬಿಟ್ಟಿದ್ದಾರೆ. ನಾಳೆ ಯಾರ ಬಾಗಿಲಿಗೆ ಜೀಪು ಬರುತ್ತದೋ ತಿಳಿಯದ ಆ ದಿನಗಳಲ್ಲೂ ಅವರು, ಈ ಹುಡುಗಿ ಬೆಳೆಯುತ್ತಾಳೆ, ಬಿಚ್ಚಿ ಹೊಲಿಸಲು ಮತ್ತೆ ಬರುತ್ತಾಳೆ ಎಂದೇ ನಂಬಿದ್ದರು. ಬ್ಲೇಡು ಹುಡುಕಿ ತಂದು ಹೊಲಿಗೆ ಬಿಚ್ಚುತ್ತ ಕುಳಿತಿದ್ದೇನೆ. ಭಾನುವಾರ ಕಾಪುವಿಗೆ ಹೋಗಬೇಕು. ಬಿಚ್ಚುವುದೇನೋ ನನ್ನ ಕೈಯಲ್ಲಾದೀತು. ಹೊಲಿಯುವುದು ಅವರ ಕೈಯಲ್ಲೇ ಆಗಬೇಕು.